ಇಪ್ಪತ್ತು ಚೀಲ ಭತ್ತ ಮತ್ತು ನಾನು ಬರೆದ ವೇಗ

ನಾನು ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಯಾದಗಿರಿ, ಶಹಾಪುರ, ಸುರಪುರದ ಕಡೆಯ ರಸ್ತೆಗಳಲ್ಲಿ ಗುದ್ದಿದ, ಉರುಳಿದ, ನುಜ್ಜಾದ ಗಾಡಿಗಳನ್ನು ನೋಡಿ ವರದಿ ಬರೆಯುವುದರಲ್ಲೇ ನನ್ನ ಸೇವೆಯ ಬಹುಪಾಲು ಕಳೆಯಿತು. ನಿವೃತ್ತನಾದ ಮೇಲೆ ಒಂದು ದಿನ, ಹೊಸದಾಗಿ ಇದೇ ಕೆಲಸಕ್ಕೆ ಸೇರಿದ ಇಬ್ಬರು ಮನೆಗೆ ಬಂದು, ತರಬೇತಿಯಲ್ಲಿ ಹೇಳಿಕೊಡದ ಸಂಗತಿ ಏನಾದರೂ ಇದ್ದರೆ ಹೇಳಿ ಎಂದು ಕೇಳಿದರು. ಚಹಾ ಕುಡಿಸಿ, ಅದು ಇದು ಮಾತಾಡಿ ಕಳಿಸಿಬಿಟ್ಟೆ. ಹೇಳಬೇಕಾದದ್ದು ಬಾಯಿಗೆ ಬರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಪಘಾತದ ಗಾಡಿ ಸಾಮಾನ್ಯವಾಗಿ ನಮಗೆ ಸಿಗುವುದು ಪೊಲೀಸ್ ಠಾಣೆಯ ಅಂಗಳದಲ್ಲಿ. ಅಷ್ಟರಲ್ಲಿ ಗಾಯಗೊಂಡವರು ದವಾಖಾನೆ ಸೇರಿರುತ್ತಾರೆ, ಸತ್ತವರ ಮಣ್ಣು ಮುಗಿದಿರುತ್ತದೆ. ನಾವು ಟೇಪು, ಸೀಮೆಸುಣ್ಣ, ನೋಟುಬುಕ್ಕು ಹಿಡಿದುಕೊಂಡು ಹೋಗುತ್ತೇವೆ. ಬ್ರೇಕು ಹಿಡಿಯುತ್ತದೆಯೇ, ಸ್ಟೇರಿಂಗ್ ತಿರುಗುತ್ತದೆಯೇ, ದೀಪ ಇದ್ದವೇ, ಎಲ್ಲಿ ಎಷ್ಟು ಜಖಂ ಆಗಿದೆ ಎಂದು ನೋಡಿ ಬರೆಯುತ್ತೇವೆ. ಅಪಘಾತಕ್ಕೆ ಯಂತ್ರದ ದೋಷ ಕಾರಣವೋ ಅಲ್ಲವೋ ಎಂಬುದು ಕೊನೆಯ ಸಾಲು. ಕೋರ್ಟಿನಲ್ಲಿ ವಕೀಲರು ಹಿಡಿದು ಜಗ್ಗುವುದು ಆ ಸಾಲನ್ನೇ.

ನನಗೆ ಕೆಲಸ ಕಲಿಸಿದವರು ಮಲ್ಲೇಶಪ್ಪ ಎಂಬ ಹಿರಿಯ ನಿರೀಕ್ಷಕರು. ಮಾತು ಕಡಿಮೆ. ಸೇರಿದ ಹೊಸದರಲ್ಲಿ ಒಂದು ಲಾರಿಯ ಬ್ರೇಕ್ ಪೈಪು ತುಂಡಾದದ್ದನ್ನು ಕಂಡು, ಬ್ರೇಕ್ ಫೇಲಾಗಿ ಅಪಘಾತವಾಗಿದೆ ಎಂದು ಬರೆದು ಅವರ ಮೇಜಿನ ಮೇಲಿಟ್ಟೆ. ಅವರು ಓದಿ ಎದ್ದರು. ನನ್ನನ್ನು ಕರೆದುಕೊಂಡು ಅದೇ ಲಾರಿಯ ಹತ್ತಿರ ಹೋಗಿ, ಒಳ್ಳೆಯ ಬಿಸಿಲಿನಲ್ಲಿ ನೆಲದ ಮೇಲೆ ಅಂಗಾತ ಮಲಗಿ, ನನಗೂ ಮಲಗಲು ಹೇಳಿದರು. ಪೈಪಿನ ತುಂಡಾದ ತುದಿ ಹೊಸ ತಾಮ್ರದ ಹಾಗೆ ಹೊಳೆಯುತ್ತಿತ್ತು. ಮೊದಲೇ ಸೀಳಿದ್ದರೆ ಅಲ್ಲಿ ಕಿಲುಬು, ಎಣ್ಣೆಯ ಜಿಡ್ಡು, ಧೂಳು ಇರಬೇಕಿತ್ತು. ಪೈಪು ತುಂಡಾದದ್ದರಿಂದ ಲಾರಿ ಗುದ್ದಿರಲಿಲ್ಲ, ಗುದ್ದಿದ್ದರಿಂದ ಪೈಪು ತುಂಡಾಗಿತ್ತು. ಅವರು ಎದ್ದು ಅಂಗಿ ಝಾಡಿಸಿಕೊಂಡು, ವರದಿಯನ್ನು ಹರಿದು ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ವೇಗ ಬರೆಯುವುದು ನಮ್ಮ ಕೆಲಸವಲ್ಲ. ವರದಿಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ಆದರೆ ಪೊಲೀಸರು ಕೇಳುತ್ತಿದ್ದರು. ಎಷ್ಟು ಸ್ಪೀಡಿನಲ್ಲಿ ಬಂದಿರಬಹುದು ಎಂದು ನೀವು ಒಂದು ಮಾತು ಬರೆದರೆ ಕೇಸು ಗಟ್ಟಿಯಾಗುತ್ತದೆ ಎನ್ನುತ್ತಿದ್ದರು. ಮಲ್ಲೇಶಪ್ಪನವರು ಯಾವತ್ತೂ ಬರೆಯಲಿಲ್ಲ. ನಾನು ಬರೆದೆ. ಯಾಕೆಂದರೆ ನನಗೆ ಲೆಕ್ಕ ಬರುತ್ತಿತ್ತು. ಡಿಪ್ಲೊಮಾದಲ್ಲಿ ಭೌತಶಾಸ್ತ್ರ ನನಗೆ ಇಷ್ಟದ ವಿಷಯ. ಅದರಲ್ಲೂ ದ್ರವ್ಯರಾಶಿ ಕೇಂದ್ರದ ಪಾಠ.

ಅದನ್ನು ಇಲ್ಲಿ ಸರಳವಾಗಿ ಹೇಳುತ್ತೇನೆ, ಮುಂದಿನದು ತಿಳಿಯಬೇಕಾದರೆ ಇದು ಬೇಕು. ಎರಡು ವಸ್ತು ಒಂದೇ ದಾರಿಯಲ್ಲಿ ಬೇರೆ ಬೇರೆ ವೇಗದಲ್ಲಿ ಚಲಿಸುತ್ತಿವೆ ಎನ್ನಿ. ಎರಡಕ್ಕೂ ಸೇರಿ ಒಂದು ಕೇಂದ್ರ ಇರುತ್ತದೆ, ಅದಕ್ಕೂ ಒಂದು ವೇಗ ಇರುತ್ತದೆ. ಎರಡರ ತೂಕ ಸಮನಾಗಿದ್ದರೆ ಆ ವೇಗ ಎರಡರ ವೇಗಕ್ಕೆ ಸರಿಯಾಗಿ ನಡುವೆ. ಒಂದು ಭಾರವಾಗಿದ್ದರೆ, ಅದರ ವೇಗಕ್ಕೆ ಹತ್ತಿರ. ಅವೆರಡೂ ಗುದ್ದಿಕೊಂಡಾಗ ಒಂದೊಂದರ ವೇಗ ಬದಲಾಗುತ್ತದೆ, ಆದರೆ ಗುದ್ದುವ ಆ ಕ್ಷಣದಲ್ಲಿ ಕೇಂದ್ರದ ವೇಗ ಬದಲಾಗುವುದಿಲ್ಲ. ಗುದ್ದಿದ ಮೇಲೆ ಎರಡೂ ಕಚ್ಚಿಕೊಂಡು ಒಂದಾಗಿ ಹೋದರೆ, ಅವು ಹೋಗುವುದು ಆ ಕೇಂದ್ರದ ವೇಗದಲ್ಲೇ. ಆದ್ದರಿಂದ ಗುದ್ದಿದ ಮೇಲೆ ಎಷ್ಟು ದೂರ ಉಜ್ಜಿಕೊಂಡು ಹೋದವು ಎಂದು ರಸ್ತೆಯ ಗುರುತನ್ನು ಅಳೆದು ಆ ವೇಗ ತೆಗೆಯಬಹುದು. ಒಂದು ಗಾಡಿಯ ವೇಗ ಗೊತ್ತಿದ್ದು ಎರಡರ ತೂಕವೂ ಗೊತ್ತಿದ್ದರೆ, ಇನ್ನೊಂದರ ವೇಗ ಸಿಗುತ್ತದೆ.

ಮೊದಲು ಸುರಪುರದ ಹತ್ತಿರ ಒಂದು ಮೋಟಾರ್ ಸೈಕಲ್ಲಿನ ಕೇಸಿನಲ್ಲಿ ಹೀಗೆ ಲೆಕ್ಕ ಹಾಕಿದೆ. ನೋಡಿದವರ ಸಾಕ್ಷಿಗೂ ನನ್ನ ಲೆಕ್ಕಕ್ಕೂ ತಾಳೆ ಬಿತ್ತು. ಠಾಣೆಯ ಅಧಿಕಾರಿ ಮೆಚ್ಚಿ, ಇನ್ನೊಂದು ಠಾಣೆಯವರಿಗೂ ಹೇಳಿದರು. ಅಲ್ಲಿಂದ ನನ್ನನ್ನು ಹೆಸರು ಹಿಡಿದು ಕೇಳುವವರಾದರು. ಎರಡು ವರ್ಷ ಹೀಗೇ ನಡೆಯಿತು. ಮಲ್ಲೇಶಪ್ಪನವರು ಒಮ್ಮೆ ಮಾತ್ರ ನನ್ನ ವರದಿಯೊಂದನ್ನು ನೋಡಿ ಕೇಳಿದ್ದರು: "ಇದರಾಗ ನೀ ಕಣ್ಣಾರೆ ನೋಡಿದ್ದು ಎಷ್ಟು ಅದ, ಅಂದಾಜು ಹಿಡಿಕೊಂಡು ಬರ್ದಿದ್ದು ಎಷ್ಟು ಅದ?" ಅವರು ಹಳೆಯ ಕಾಲದವರು, ಗಣಿತ ಕಂಡರೆ ಹೆದರುತ್ತಾರೆ ಎಂದುಕೊಂಡು ನಾನು ನಕ್ಕೆ.

ಆಮೇಲೆ ಚಾಂದಪಾಶಾ ಅವರ ಕೇಸು ಬಂತು.

ಚಾಂದಪಾಶಾ ಗೋಗಿಯವರು, ಬಾಡಿಗೆ ಪಿಕಪ್ ಗಾಡಿಯ ಚಾಲಕ. ಒಂದು ಸಂಜೆ, ಬೆಳಕು ಮಬ್ಬಾಗುವ ಹೊತ್ತಿಗೆ, ಸುರಪುರದ ಕಡೆಯಿಂದ ಶಹಾಪುರದ ಕಡೆಗೆ ಬರುತ್ತಿದ್ದಾಗ ಅವರ ಗಾಡಿ ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂದಿನಿಂದ ಗುದ್ದಿತು. ಟ್ರೇಲರು ಖಾಲಿ ಇತ್ತು, ಆದರೆ ಅದರ ಹಿಂದಿನ ಅಂಚಿನಲ್ಲಿ ಸಗರದ ನಾಗಪ್ಪ ಎಂಬ ಕೂಲಿಕಾರರು ಕಾಲು ಇಳಿಬಿಟ್ಟು ಕೂತಿದ್ದರು. ಅವರು ಅಲ್ಲೇ ತೀರಿಕೊಂಡರು. ಚಾಂದಪಾಶಾ ಅವರ ಎದೆಗೆ ಸ್ಟೇರಿಂಗ್ ಬಡಿದು, ಅವರು ಹನ್ನೊಂದು ದಿನ ದವಾಖಾನೆಯಲ್ಲಿದ್ದರು.

ಮರುದಿನ ಬೆಳಿಗ್ಗೆ ನಾನು ಸ್ಥಳಕ್ಕೇ ಹೋದೆ, ಗಾಡಿಗಳನ್ನು ಇನ್ನೂ ಠಾಣೆಗೆ ಸಾಗಿಸಿರಲಿಲ್ಲ. ಎರಡೂ ಗಾಡಿ ಒಂದಕ್ಕೊಂದು ಕಚ್ಚಿಕೊಂಡು ಹೋಗಿದ್ದವು. ಟ್ರೇಲರಿನ ಅಚ್ಚು ಬಾಗಿ ಗಾಲಿ ಸಿಕ್ಕಿಕೊಂಡಿದ್ದರಿಂದ, ಎಲ್ಲ ಗಾಲಿಗಳ ಗುರುತೂ ರಸ್ತೆಯ ಮೇಲೆ ಸ್ಪಷ್ಟವಾಗಿತ್ತು. ಟ್ರ್ಯಾಕ್ಟರಿನ ಗೇರು ಎರಡರಲ್ಲೇ ನಿಂತಿತ್ತು, ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರಿನ ಆಸುಪಾಸು. ಟ್ರೇಲರಿನ ಹಿಂದೆ ಕೆಂಪು ದೀಪವಾಗಲೀ ಹೊಳೆಯುವ ಪಟ್ಟಿಯಾಗಲೀ ಇರಲಿಲ್ಲ; ಅದನ್ನೂ ಬರೆದುಕೊಂಡೆ. ಗುರುತು ಅಳೆದಾಗ, ಕಚ್ಚಿಕೊಂಡ ಮೇಲಿನ ವೇಗ ಇಪ್ಪತ್ತೇಳು ಕಿಲೋಮೀಟರ್ ಬಂತು. ಟ್ರ್ಯಾಕ್ಟರು ಟ್ರೇಲರು ಸೇರಿ ಮೂರು ಟನ್ನು. ಪಿಕಪ್ಪಿನ ತೂಕವನ್ನು ಅದರ ನೋಂದಣಿ ಪತ್ರದಿಂದ ತೆಗೆದುಕೊಂಡೆ. ಒಂದೂವರೆ ಟನ್ನು.

ಉಳಿದದ್ದು ಲೆಕ್ಕ. ಟ್ರ್ಯಾಕ್ಟರು ಪಿಕಪ್ಪಿನ ಎರಡು ಪಟ್ಟು ಭಾರ. ಹಾಗಾಗಿ ಇಪ್ಪತ್ತೇಳು ಎಂಬುದು ಟ್ರ್ಯಾಕ್ಟರಿನ ವೇಗದಿಂದ ಎಷ್ಟು ದೂರವೋ ಪಿಕಪ್ಪಿನ ವೇಗದಿಂದ ಅದರ ಎರಡು ಪಟ್ಟು ದೂರ ಇರಬೇಕು. ಒಂಬತ್ತರಿಂದ ಇಪ್ಪತ್ತೇಳಕ್ಕೆ ಹದಿನೆಂಟು. ಅದರ ಇಮ್ಮಡಿ ಮೂವತ್ತಾರು. ಇಪ್ಪತ್ತೇಳಕ್ಕೆ ಕೂಡಿಸಿದರೆ ಅರವತ್ತಮೂರು. ಪಿಕಪ್ ಅರವತ್ತಮೂರು ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದಿದೆ ಎಂದು ಬರೆದು, ಕೆಳಗೆ ಸಹಿ ಮಾಡಿ, ಲೆಕ್ಕದ ಹಾಳೆಯನ್ನೂ ಲಗತ್ತಿಸಿದೆ. ಮಬ್ಬುಗತ್ತಲಲ್ಲಿ ಆ ರಸ್ತೆಯಲ್ಲಿ ಅದು ಅತಿವೇಗ ಎಂದು ಪೊಲೀಸರು ಚಾರ್ಜ್‌ಶೀಟ್ ಹಾಕಿದರು. ಅದರ ಆಧಾರದ ಮೇಲೆ ಚಾಂದಪಾಶಾ ಅವರ ಲೈಸೆನ್ಸ್ ತಡೆಹಿಡಿಯಲಾಯಿತು.

ಈಗ ನನ್ನ ತಪ್ಪು ಹೇಳುತ್ತೇನೆ. ಆ ಬೆಳಿಗ್ಗೆ ಪಿಕಪ್ಪಿನ ಹಿಂಭಾಗ ಖಾಲಿ ಇತ್ತು. ಆದರೆ ಅದರ ಮೂಲೆಗಳಲ್ಲಿ ಭತ್ತದ ಕಾಳು ಬಿದ್ದಿದ್ದವು. ಎರಡು ಗುಬ್ಬಿ ಕೂತು ಹೆಕ್ಕುತ್ತಿದ್ದವು. ನಾನು ಹತ್ತಿರ ಹೋದಾಗ ಹಾರಿಹೋದವು. ನಾನು ಅದನ್ನು ಕಂಡೆ. ಕಂಡು, ಟೇಪು ಬಿಚ್ಚಿ ಜಖಂ ಅಳೆಯಲು ಕೂತೆ. ಕಾಳು ಎಲ್ಲಿಂದ ಬಂದವು ಎಂದು ಯಾರನ್ನೂ ಕೇಳಲಿಲ್ಲ.

ಒಂದು ವರ್ಷದ ಮೇಲಾಗಿತ್ತು. ಕೇಸು ನಡೆಯುತ್ತಿತ್ತು, ನನ್ನ ಸಾಕ್ಷಿಗೆ ಇನ್ನೂ ಸಮನ್ಸ್ ಬಂದಿರಲಿಲ್ಲ. ಒಂದು ಮಧ್ಯಾಹ್ನ ಕಚೇರಿಗೆ ಒಬ್ಬ ಹೆಂಗಸು ಬಂದು, ನನ್ನ ಹೆಸರು ಕೇಳಿಕೊಂಡು, ಬಾಗಿಲ ಹತ್ತಿರ ನಿಂತರು. ಚಾಂದಪಾಶಾ ಅವರ ಹೆಂಡತಿ ಶಾಹಿದಾ. ನಿಮ್ಮ ಯಜಮಾನರ ಕೇಸಿನ ವಿಷಯ ನನ್ನ ಹತ್ತಿರ ಮಾತಾಡಬಾರದು, ವಕೀಲರ ಮೂಲಕ ಹೇಳಬೇಕು ಎಂದೆ. ವಕೀಲರಿಗೆ ಹೇಳಿದ್ದಾಯಿತು, ಅವರು ಇದು ಉಪಯೋಗವಿಲ್ಲ ಎಂದರು ಎಂದು ಹೇಳಿ ಆಕೆ ಪ್ಲಾಸ್ಟಿಕ್ ಚೀಲದಿಂದ ಮಡಿಚಿದ ಒಂದು ಚೀಟಿ ತೆಗೆದರು.

"ಸಾಬ್, ನೀವು ಗಾಡಿ ಖಾಲಿ ಇತ್ತಂತ ಬರ್ದೀರಂತ. ಖಾಲಿ ಇದ್ದಿಲ್ರಿ. ಕಕ್ಕೇರಾದಿಂದ ಇಪ್ಪತ್ತು ಚೀಲ ಭತ್ತ ಹೇರ್ಕೊಂಡು ಮಿಲ್ಲಿಗೆ ಬರ್ಲಾಕತ್ತಿದ್ರು. ಅವ್ರಿಗೆ ದವಾಖಾನಿಗಿ ಒಯ್ದ ಮ್ಯಾಲ ಮಾಲಿನವ್ರು ಬ್ಯಾರೆ ಗಾಡಿ ತಂದು ಚೀಲ ಎಲ್ಲಾ ಒಯ್ದಾರ. ಇದು ಅದರ ತೂಕದ ಚೀಟಿ. ಅಷ್ಟು ವಜನ್ ಇದ್ದ ಗಾಡಿ ಆ ಏರಿನಾಗ ಅರವತ್ತರ ಮ್ಯಾಲ ಓಡ್ತದೇನ್ರಿ?"

ನಾನು ಚೀಟಿ ತೆಗೆದುಕೊಳ್ಳಲಿಲ್ಲ. ನೇರವಾಗಿ ತೆಗೆದುಕೊಳ್ಳುವ ಅಧಿಕಾರ ನನಗಿರಲಿಲ್ಲ. ಆದರೆ ಅದರ ಮೇಲಿನ ತಾರೀಖೂ ತೂಕವೂ ಕಂಡವು. ಒಂದೂವರೆ ಟನ್ನು. ಆಕೆ ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಯಜಮಾನರು ಈಗ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾರೆ, ಎದೆನೋವು ಇನ್ನೂ ಇದೆ ಎಂದು ಹೇಳಿ, ಚೀಟಿಯನ್ನು ಮತ್ತೆ ಮಡಿಚಿ ಇಟ್ಟುಕೊಂಡು ಹೋದರು.

ಆಕೆ ಹೋದ ಮೇಲೆ ಒಂದು ಹಾಳೆ ತೆಗೆದುಕೊಂಡೆ. ಗಾಡಿ ಒಂದೂವರೆ, ಭತ್ತ ಒಂದೂವರೆ, ಒಟ್ಟು ಮೂರು ಟನ್ನು. ಟ್ರ್ಯಾಕ್ಟರೂ ಮೂರು. ತೂಕ ಸಮ. ಹಾಗಾದರೆ ಇಪ್ಪತ್ತೇಳು ಎಂಬುದು ಎರಡರ ವೇಗಕ್ಕೆ ಸರಿಯಾಗಿ ನಡುವೆ. ಆ ಕಡೆ ಹದಿನೆಂಟು, ಈ ಕಡೆ ಹದಿನೆಂಟು. ಪಿಕಪ್ಪಿನ ವೇಗ ನಲವತ್ತೈದು. ಸೂತ್ರ ತಪ್ಪಿರಲಿಲ್ಲ, ಗುಣಾಕಾರ ತಪ್ಪಿರಲಿಲ್ಲ, ಅಳತೆ ತಪ್ಪಿರಲಿಲ್ಲ. ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆ ಒಬ್ಬ ಮನುಷ್ಯನ ಮೇಲೆ ಹದಿನೆಂಟು ಕಿಲೋಮೀಟರ್ ವೇಗ ಹೊರಿಸಿತ್ತು. ಲೆಕ್ಕವನ್ನು ಮೂರು ಸಲ ಮಾಡಿದೆ. ಮೂರು ಸಲವೂ ನಲವತ್ತೈದೇ ಬಂತು.

ಮಲ್ಲೇಶಪ್ಪನವರ ನಿವೃತ್ತಿಗೆ ಆಗ ಕೆಲವೇ ತಿಂಗಳು ಉಳಿದಿದ್ದವು. ಎರಡು ಹಾಳೆಗಳನ್ನೂ ಅವರ ಮುಂದಿಟ್ಟೆ. ಗುಬ್ಬಿಗಳನ್ನು ಕಂಡದ್ದನ್ನೂ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ನಿಧಾನವಾಗಿ ಓದಿದರು. ಅವರಿಗೆ ಗಣಿತ ಬರುತ್ತಿತ್ತು. ನನಗಿಂತ ಚೆನ್ನಾಗಿಯೇ ಬರುತ್ತಿತ್ತು ಎಂಬುದು ಅವರು ಪೆನ್ಸಿಲ್ಲಿನಲ್ಲಿ ಅಂಚಿನಲ್ಲಿ ಮಾಡಿದ ಎರಡು ಸಾಲಿನ ಲೆಕ್ಕ ನೋಡಿ ಗೊತ್ತಾಯಿತು. ಇಷ್ಟು ವರ್ಷ ಅವರು ವೇಗ ಬರೆಯದೆ ಇದ್ದದ್ದು ಲೆಕ್ಕ ಬಾರದೆ ಅಲ್ಲ.

ಈಗ ಏನು ಮಾಡಲಿ ಎಂದು ಕೇಳಿದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಬರೆದು ತಿಳಿಸಿದರೆ ನನ್ನ ಹಿಂದಿನ ವರದಿಗಳನ್ನೆಲ್ಲ ಪ್ರಶ್ನೆ ಮಾಡುತ್ತಾರೆ ಎಂಬುದೂ ಗೊತ್ತಿತ್ತು.

"ತನಿಖೆ ಮಾಡೋರಿಗಿ ಪತ್ರ ಬರಿ," ಎಂದರು. "ಭತ್ತದ ವಿಷಯ ವಿಚಾರಣೆ ಮಾಡ್ರಿ, ನನ್ನ ವರದಿಯಾಗ ತಪ್ಪಾಗ್ಯದ ಅಂತ ಬರಿ. ಆಗಿರಬಹುದು ಅಂತ ಬರಿಬ್ಯಾಡ. ಆಗ್ಯದ ಅಂತ ಬರಿ."

ಬರೆದೆ. ಪೊಲೀಸರು ಮಿಲ್ಲಿನಲ್ಲಿ ವಿಚಾರಿಸಿದರು, ಚೀಲ ಹೇರಿದವರೂ ಇಳಿಸಿದವರೂ ಹೇಳಿಕೆ ಕೊಟ್ಟರು. ಇಲಾಖೆಯಿಂದ ನನಗೆ ನೋಟೀಸು ಬಂತು, ಉತ್ತರ ಕೊಟ್ಟೆ, ಎಚ್ಚರಿಕೆ ಪತ್ರ ಸಿಕ್ಕಿತು. ನನ್ನ ಹಳೆಯ ವರದಿಗಳಲ್ಲಿ ವೇಗ ಬರೆದಿದ್ದ ಪ್ರತಿಯೊಂದನ್ನೂ ತೆಗೆದು, ಭಾರದ ಬಗ್ಗೆ ಕೇಳಿದ್ದೆನೇ ಎಂದು ನೋಡಿದೆ. ಎರಡರಲ್ಲಿ ಕೇಳಿರಲಿಲ್ಲ. ಅವುಗಳ ಬಗ್ಗೆಯೂ ಬರೆದೆ. ಒಂದರಲ್ಲಿ ಗಾಡಿ ನಿಜವಾಗಿಯೂ ಖಾಲಿ ಇತ್ತೆಂದು ತಿಳಿಯಿತು. ಇನ್ನೊಂದರಲ್ಲಿ ಚಾಲಕ ಕೇಸು ಮುಗಿಯುವ ಮೊದಲೇ ತೀರಿಕೊಂಡಿದ್ದ. ಅಲ್ಲಿ ಸತ್ಯ ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ.

ಸಾಕ್ಷಿಯ ದಿನ ಕೋರ್ಟಿನ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಒಬ್ಬ ಹೆಂಗಸು ಬಂದು ಎದುರಿಗೆ ನೆಲದ ಮೇಲೆ ಕೂತರು. ತೀರಿಕೊಂಡ ನಾಗಪ್ಪನವರ ಹೆಂಡತಿ ನಾಗಮ್ಮ. ಸಗರದಿಂದ ಬೆಳಿಗ್ಗೆಯೇ ಬಂದಿದ್ದರು. ನಾನು ಯಾರೆಂದು ಅವರಿಗೆ ಯಾರೋ ತೋರಿಸಿದ್ದರು. ಎದ್ದು ಬೇರೆ ಕಡೆ ಹೋಗಬೇಕಿತ್ತು. ಹೋಗಲಾಗಲಿಲ್ಲ.

"ಅಣ್ಣಾರ," ಎಂದರು, "ಮದಲ ನೀವು ಅವಂದ ತಪ್ಪದ ಅಂತ ಬರ್ದಿದ್ರಿ. ಈಗ ಇಲ್ಲಂತ ಹೇಳ್ತೀರಂತ. ಹಂಗಾದ್ರ ನಮ್ಮವ್ರು ಸತ್ತಿದ್ದು ಯಾರ ತಪ್ಪಿಗ್ರಿ?"

ಗಾಡಿ ಎಷ್ಟು ವೇಗದಲ್ಲಿತ್ತು ಎಂಬುದಷ್ಟೇ ನನಗೆ ಗೊತ್ತಿರುವುದು, ಅದನ್ನೂ ನಾನು ತಪ್ಪು ಬರೆದಿದ್ದೆ, ಇವತ್ತು ಸರಿ ಮಾಡಲು ಬಂದಿದ್ದೇನೆ ಎಂದೆ. ಆಕೆ ಗೋಡೆ ಹಿಡಿದು ಎದ್ದರು.

"ಖರೇದು ಏನದ ಅದು ಹೇಳ್ರಿ," ಎಂದರು. "ಸುಳ್ಳು ಕಟ್ಕೊಂಡು ನಾನರ ಏನು ಮಾಡ್ಲಿ."

ಒಳಗೆ ಸರ್ಕಾರಿ ವಕೀಲರು ನನ್ನನ್ನು ಬಿಡಲಿಲ್ಲ. ಬಿಡಬಾರದು ಕೂಡ. ಮೊದಲು ಅರವತ್ತಮೂರು ಎಂದು ಸಹಿ ಹಾಕಿದವರು ನೀವೇ, ಈಗ ನಲವತ್ತೈದು ಎನ್ನುವವರೂ ನೀವೇ, ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ಕೇಳಿದರು. ನ್ಯಾಯಾಧೀಶರು ನನಗೇ ವಿವರಿಸಲು ಹೇಳಿದರು. ಗುಮಾಸ್ತರ ಮೇಜಿನ ಮೇಲಿನ ಎರಡು ಫೈಲುಗಳನ್ನು ಕೇಳಿ ಪಡೆದು, ಒಂದರಿಂದ ಇನ್ನೊಂದನ್ನು ತಳ್ಳಿ ತೋರಿಸಿದೆ. ದಪ್ಪ ಫೈಲಿನಿಂದ ತೆಳ್ಳನೆಯದನ್ನು ತಳ್ಳುವುದಕ್ಕೂ, ತೆಳ್ಳನೆಯದರಿಂದ ದಪ್ಪನೆಯದನ್ನು ತಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ನ್ಯಾಯಾಧೀಶರು ಮುಂದಕ್ಕೆ ಬಾಗಿ ನೋಡಿದರು. ಹಗುರ ಗಾಡಿಯಾದರೆ ಬಹಳ ಜೋರಾಗಿ ಬಂದಿದ್ದರೆ ಮಾತ್ರ ಅಷ್ಟು ದೂರ ನೂಕಬಲ್ಲದು, ಭಾರದ ಗಾಡಿ ನಿಧಾನವಾಗಿ ಬಂದರೂ ನೂಕುತ್ತದೆ, ನಾನು ಭಾರದ ಗಾಡಿಯನ್ನು ಹಗುರ ಎಂದು ಬರೆದೆ ಎಂದೆ. ಯಾಕೆ ಹಾಗೆ ಬರೆದಿರಿ ಎಂದು ಕೇಳಿದರು. ಭತ್ತದ ಕಾಳು ಕಂಡಿದ್ದೆ, ಕೇಳಲಿಲ್ಲ ಎಂದೆ. ಅದನ್ನು ಅವರು ಹಾಗೆಯೇ ಟೈಪು ಮಾಡಿಸಿದರು. ಆ ಯಂತ್ರದ ಸದ್ದು ನನಗೆ ಚೆನ್ನಾಗಿ ನೆನಪಿದೆ.

ಕೆಲವು ತಿಂಗಳ ಮೇಲೆ ಚಾಂದಪಾಶಾ ಅವರನ್ನು ಬಿಡುಗಡೆ ಮಾಡಿ ತೀರ್ಪಾಯಿತು. ಹಿಂದೆ ದೀಪವಿಲ್ಲದ ಟ್ರೇಲರು ಮಬ್ಬಿನಲ್ಲಿ ಕಾಣದೆ ಹೋಗಿದ್ದು ಮುಖ್ಯ ಕಾರಣ ಎಂದು ತೀರ್ಪಿನಲ್ಲಿತ್ತು.

ಈಗ ಕೆಲಸದ ರೀತಿಯೇ ಬದಲಾಗಿದೆ. ನೀವು ಮೊಬೈಲಿನಲ್ಲೇ ಫೋಟೊ ತೆಗೆದು ಸ್ಥಳದಿಂದಲೇ ವರದಿ ಕಳಿಸುತ್ತೀರಿ. ಧಾಬಾ, ಪೆಟ್ರೋಲ್ ಬಂಕುಗಳ ಕ್ಯಾಮೆರಾದಲ್ಲಿ ಗಾಡಿ ಓಡಿದ್ದೇ ಸಿಗುತ್ತದೆ. ಲಾರಿಯಲ್ಲಿ ಕೂರಿಸಿದ ಸಣ್ಣ ಪೆಟ್ಟಿಗೆ ಎಷ್ಟು ವೇಗದಲ್ಲಿತ್ತೆಂದು ತಾನೇ ಹೇಳುತ್ತದೆ. ನಾನು ಹಾಳೆಯ ಮೇಲೆ ಮಾಡುತ್ತಿದ್ದ ಲೆಕ್ಕವನ್ನು ಕಂಪ್ಯೂಟರು ಕಣ್ಣು ಮಿಟುಕಿಸುವುದರಲ್ಲಿ ಮಾಡುತ್ತದೆ. ಒಳ್ಳೆಯದೇ. ಆದರೆ ತೂಕ ಎಂಬ ಜಾಗದಲ್ಲಿ ನೀವು ತುಂಬಿದ ಅಂಕಿಯನ್ನೇ ಅದು ನಂಬುತ್ತದೆ. ಆ ಜಾಗವನ್ನು ತುಂಬುವ ಮೊದಲು ಗಾಡಿಯಲ್ಲಿ ಏನಿತ್ತು, ಎಷ್ಟು ಜನ ಇದ್ದರು, ಏನು ಇಳಿಸಿದರು ಎಂದು ದಯವಿಟ್ಟು ಕೇಳಿ. ಚಾಲಕ ದವಾಖಾನೆಯಲ್ಲಿದ್ದರೆ ಅಲ್ಲಿಗೆ ಹೋಗಿ ಕೇಳಿ. ನಾನು ಹನ್ನೊಂದು ದಿನದಲ್ಲಿ ಒಂದು ದಿನವೂ ಹೋಗಿರಲಿಲ್ಲ.

ತೀರ್ಪಾದ ಮೇಲೆ ಚಾಂದಪಾಶಾ ಅವರನ್ನು ನಾನು ಒಮ್ಮೆ ಕಂಡೆ. ಕೇಸು ಮುಗಿಯುವಷ್ಟರಲ್ಲಿ ಅವರ ಲೈಸೆನ್ಸಿನ ಅವಧಿಯೇ ಮುಗಿದು ವರ್ಷ ದಾಟಿತ್ತು. ಹೊಸದಾಗಿ ಕಲಿಯುವವರ ಹಾಗೆ ಮತ್ತೆ ಪರೀಕ್ಷೆ ಕೊಡಬೇಕಾಯಿತು. ಆ ದಿನ ಪರೀಕ್ಷೆ ತೆಗೆದುಕೊಳ್ಳುವ ಪಾಳಿ ನನ್ನದು. ಬೇರೆಯವರಿಗೆ ವಹಿಸಲೇ ಎಂದು ಅವರನ್ನು ಕೇಳಿದೆ. ಬೇಡ, ನೀವೇ ಕೂತುಕೊಳ್ಳಿ ಎಂದರು. ನಾನು ಪಕ್ಕದಲ್ಲಿ ಕೂತೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಗಾಡಿ ಚಾಲೂ ಮಾಡಿದರು.

ಮೈದಾನದಲ್ಲಿ ತಿರುವು, ಹಿಂದಕ್ಕೆ ಬರುವುದು, ಏರಿನಲ್ಲಿ ನಿಲ್ಲಿಸಿ ಹೊರಡುವುದು ಎಲ್ಲವನ್ನೂ ಚೊಕ್ಕಟವಾಗಿ ಮಾಡಿದರು. ಪಳಗಿದ ಕೈ. ನಂತರ ರಸ್ತೆಗೆ ಕರೆದುಕೊಂಡು ಹೋದೆ. ಊರು ದಾಟಿದ ಮೇಲೆ ಮುಂದೆ ಒಂದು ಟ್ರ್ಯಾಕ್ಟರು ಸಿಕ್ಕಿತು. ಟ್ರೇಲರಿನ ತುಂಬ ಜೋಳದ ಒಣದಂಟು, ಕಣಿಕೆ. ಅವರು ವೇಗ ಇಳಿಸಿ, ಬಹಳ ದೂರ ಬಿಟ್ಟು, ಅದರ ಹಿಂದೆ ಹೋಗತೊಡಗಿದರು. ಎದುರಿನ ರಸ್ತೆ ಖಾಲಿ ಇತ್ತು. ಟ್ರ್ಯಾಕ್ಟರನ್ನು ಹಿಂದೆ ಹಾಕಿ ಮುಂದೆ ಹೋಗಬಹುದು ಎಂದೆ.

"ಅದರ ಮ್ಯಾಲ ಯಾರರೆ ಕುಂತಾರೇನು, ಒಂದೀಟು ನೋಡ್ರಿ ಸಾಬ್," ಎಂದರು.

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ಕಣಿಕೆಯ ಮೇಲಾಗಲೀ ಹಿಂದಿನ ಅಂಚಿನಲ್ಲಾಗಲೀ ಯಾರೂ ಇರಲಿಲ್ಲ. ಯಾರೂ ಇಲ್ಲ ಎಂದು ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಮುಂದೆ ಹೋಗಲಿಲ್ಲ. ಟ್ರ್ಯಾಕ್ಟರು ಹೊಲದ ದಾರಿಗೆ ಹೊರಳುವವರೆಗೆ ಸುಮಾರು ಎರಡು ಕಿಲೋಮೀಟರ್, ಎರಡನೇ ಗೇರಿನಲ್ಲಿ ಅದರ ಹಿಂದೆಯೇ ಬಂದರು. ಕಚೇರಿಗೆ ವಾಪಸು ಬಂದು, ಅವರ ಅರ್ಜಿಯ ಮೇಲೆ ಉತ್ತೀರ್ಣ ಎಂದು ಬರೆದು ಸಹಿ ಮಾಡಿದೆ.